ಈ ಕೊಲೆಗಾರ ಯಾರ ಪೈಕಿ?

ನಗುನಗುತ್ತಲೇ ಕೊಲ್ಲುವವನ ಸಿನಿಮಾ ಬಂದಾಗಲೆಲ್ಲ ನಮ್ಮ ವಿಮರ್ಶೆಗಳು ಒಂದೇ ಅಚ್ಚಿನಲ್ಲಿ ಇಳಿಯುತ್ತವೆ. ಮೊದಲ ನಾಲ್ಕು ಪ್ಯಾರಾ ಕಥೆ. ಐದನೆಯದರಲ್ಲಿ ‘ಖಳನಾಗಿ ನಾಯಕ ಬೆಚ್ಚಿಬೀಳಿಸುತ್ತಾರೆ’. ಆಮೇಲೆ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಿನ್ನೆಲೆ ಸಂಗೀತ ಪೂರಕ’. ತೀರ್ಥಹಳ್ಳಿ, ಹೊಸನಗರ ಕಡೆ ಶೂಟಿಂಗ್ ಆಗಿದ್ದರೆ ‘ಮಲೆನಾಡಿನ ಹಸಿರೇ ಒಂದು ಪಾತ್ರ’ ಎಂಬ ವಾಕ್ಯ ತಪ್ಪುವುದಿಲ್ಲ. ಇಷ್ಟು ಓದಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದಿರುತ್ತದೆ: ಅಷ್ಟು ಜನ ಇವನನ್ನು ಯಾಕೆ ನಂಬಿದರು?

ಇಂಥ ಸಿನಿಮಾ ನಿಲ್ಲುವುದೂ ಬೀಳುವುದೂ ಅಲ್ಲೇ. ಕೊಲೆ ಎಷ್ಟು ಭೀಕರವಾಗಿತ್ತು ಅನ್ನುವುದು ಆಮೇಲಿನ ಮಾತು. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ ಶಿವಮೊಗ್ಗ ಜಿಲ್ಲೆ ಇದು. ಇಲ್ಲಿನ ಪ್ರೇಕ್ಷಕನಿಗೆ ಕಥೆಯ ಸಾರಾಂಶಕ್ಕಿಂತ ಸ್ವಲ್ಪ ಹೆಚ್ಚಿನದನ್ನು ಬಡಿಸಬಹುದು.

ಮೊದಲು ಅವನು ಯಾರು ಅನ್ನುವುದನ್ನು ಸರಿಮಾಡಿಕೊಳ್ಳಬೇಕು. ನಮ್ಮ ಸಿನಿಮಾಗಳ ‘ಸೈಕೋ’ ಕನ್ನಡಿ ಒಡೆಯುತ್ತಾನೆ, ಗೋಡೆಯ ಜೊತೆ ಮಾತಾಡುತ್ತಾನೆ, ಸತ್ತ ತಾಯಿಯ ದನಿ ಕೇಳಿ ಕಿರುಚುತ್ತಾನೆ. ಇಲ್ಲದ ದನಿ ಕೇಳುವುದು ಸೈಕೋಸಿಸ್ ಎಂಬ ಬೇರೆಯೇ ಕಾಯಿಲೆಯ ಲಕ್ಷಣ. ಅದಕ್ಕೆ ಔಷಧಿ ಇದೆ, ಅದು ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ. ಸೈಕೋಪಾತ್‌ಗೆ ಎದುರಿಗಿರುವ ಲೋಕ ಸ್ಪಷ್ಟವಾಗಿಯೇ ಕಾಣುತ್ತದೆ. ಎದುರಿನವರ ನೋವು ಅವನಿಗೆ ತಟ್ಟುವುದಿಲ್ಲ, ಅಷ್ಟೇ. ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಇವರ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಮೊದಲಿಗೇ ಬರೆದದ್ದು ಮೇಲ್ನೋಟದ ಮೋಡಿ ಮತ್ತು ಒಳ್ಳೆಯ ಬುದ್ಧಿ. ಕೆನಡಾದ ರಾಬರ್ಟ್ ಹೇರ್ ಮುಂದೆ ರೂಪಿಸಿದ ಅಳತೆಪಟ್ಟಿಯಲ್ಲಿ 20 ಅಂಶಗಳಿವೆ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಸೈಕೋಪಾತ್ ಎಂದು ಪರಿಗಣಿಸುವುದು ರೂಢಿ. ಮೋಡಿ ಆ ಇಪ್ಪತ್ತರಲ್ಲಿ ಒಂದು ಮಾತ್ರ. ಸುಳ್ಳು, ಬೇಸರ ತಾಳದಿರುವುದು, ಇನ್ನೊಬ್ಬರ ದುಡ್ಡಲ್ಲಿ ಬದುಕುವುದು, ಯಾವ ಕೆಲಸದಲ್ಲೂ ನಿಲ್ಲದಿರುವುದು, ಇಂಥ ಸಣ್ಣತನಗಳೇ ಉಳಿದ ಪಟ್ಟಿಯ ತುಂಬ. ಸಿನಿಮಾದವರು ಮೋಡಿಯನ್ನು ಎತ್ತಿಕೊಂಡು ಸಣ್ಣತನವನ್ನು ಬಿಟ್ಟುಬಿಡುತ್ತಾರೆ. ಉಳಿಯುವವನು ಶಾಸ್ತ್ರೀಯ ಸಂಗೀತ ಕೇಳುವ, ನಾಲ್ಕು ಭಾಷೆ ಬಲ್ಲ, ಪೊಲೀಸರಿಗಿಂತ ಹತ್ತು ಹೆಜ್ಜೆ ಮುಂದಿರುವ ಮಹಾಮೇಧಾವಿ.

ಬೆಲ್ಜಿಯಂನ ಇಬ್ಬರು ಮನೋವೈದ್ಯರು 400 ಸಿನಿಮಾ ನೋಡಿ, ಅದರಲ್ಲಿ 126 ಸೈಕೋಪಾತ್ ಪಾತ್ರಗಳನ್ನು ಆರಿಸಿ ತೂಗಿ, 2014ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಿಜಕ್ಕೆ ಹತ್ತಿರ ಎಂದು ಅವರು ಎತ್ತಿ ಹೇಳಿದ್ದು 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಚಿತ್ರದ ಕೊಲೆಗಾರನನ್ನು. ಅವನಿಗೆ ಮೋಡಿಯೂ ಇಲ್ಲ, ಮಾತೂ ಕಡಿಮೆ. ಜಗತ್ತೇ ಸೈಕೋಪಾತ್ ಅಂದುಕೊಂಡಿರುವ, ಹಿಚ್‌ಕಾಕ್‌ರ ‘ಸೈಕೋ’ ಚಿತ್ರದ ಹೋಟೆಲ್ ಹುಡುಗನನ್ನು ಅವರು ಸೈಕೋಸಿಸ್ ಕಡೆಗೆ ತಳ್ಳಿದರು. ಹಾಗಂತ ವಿಮರ್ಶಕ ಅಳತೆಪಟ್ಟಿ ಹಿಡಿದು ಪಾತ್ರಕ್ಕೆ ಅಂಕ ಹಾಕುತ್ತ ಕೂರಬೇಕಾಗಿಲ್ಲ. ಪಾತ್ರ ತನ್ನ ನಿಯಮಕ್ಕೆ ತಾನು ಬದ್ಧವಾಗಿದೆಯೇ ಎಂದು ನೋಡಿದರೆ ಸಾಕು. ಮೊದಲರ್ಧದಲ್ಲಿ ತಣ್ಣಗಿದ್ದವನು ಕೊನೆಯ ಇಪ್ಪತ್ತು ನಿಮಿಷದಲ್ಲಿ ಕಣ್ಣು ಕೆಂಪಗೆ ಮಾಡಿ ಅಬ್ಬರಿಸಿದರೆ, ಬರೆದವರಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ ಎಂದರ್ಥ.

ನಂಬಿಸುವುದು ಹೇಗೆ ಎಂಬುದಕ್ಕೆ ಪರದೇಶಕ್ಕೆ ಹೋಗಬೇಕಾಗಿಲ್ಲ. ಘಟ್ಟದ ಕೆಳಗೆ, ದಕ್ಷಿಣ ಕನ್ನಡದಲ್ಲಿ, ‘ಸಯನೈಡ್ ಮೋಹನ್’ ಎಂದು ಹೆಸರಾದ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಅವನ ಮೇಲೆ ಬಂದದ್ದು 20 ಹೆಂಗಸರ ಕೊಲೆ ಆರೋಪ, 2013ರಿಂದ ಒಂದರ ಹಿಂದೆ ಒಂದು ತೀರ್ಪು ಬಂತು. ಸಿನಿಮಾದ ಕಣ್ಣಿಗೆ ಅವನು ಮೋಹಕನಲ್ಲ. ಕಾರಿಲ್ಲ, ಕವಿತೆಯಿಲ್ಲ, ಅಗ್ಗದ ಲಾಡ್ಜು, ಬಸ್ ಸ್ಟ್ಯಾಂಡು. ಅವನ ಬಂಡವಾಳ ಒಂದೇ ಮಾತು: ವರದಕ್ಷಿಣೆ ಬೇಡ. ಬಡ ಮನೆಯಲ್ಲಿ, ಮದುವೆಯ ವಯಸ್ಸು ದಾಟುತ್ತಿದೆ ಎಂದು ಊರೇ ಲೆಕ್ಕ ಹಾಕುತ್ತಿದ್ದ ಹೆಣ್ಣುಮಗಳಿಗೆ ಆ ಮಾತಿನ ತೂಕ ಎಷ್ಟು ಎಂದು ಯೋಚಿಸಿ. ಮಗಳು ಯಾರ ಜೊತೆಗೋ ಹೋದಳು ಎಂಬ ನಾಚಿಕೆಗೆ ಎಷ್ಟೋ ಮನೆಯವರು ಬಾಯಿ ಬಿಡಲಿಲ್ಲ. ಬೇರೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹೆಣ ಗುರುತಿಲ್ಲದ ಅಸಹಜ ಸಾವಾಗಿ ಆ ಠಾಣೆಯ ಕಡತ ಸೇರಿತು. ಕಾಣೆಯಾದ ದೂರು ಒಂದು ಜಿಲ್ಲೆಯಲ್ಲಿ, ಹೆಣ ಇನ್ನೊಂದು ಜಿಲ್ಲೆಯಲ್ಲಿ. ಕೊನೆಗೆ ಎಳೆ ಸಿಕ್ಕಿದ್ದು ಫೋನ್ ಕರೆಗಳ ದಾಖಲೆಯಿಂದ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಿಮಾಕ್ಕೆ ಕೂತರೆ ಹುಡುಕಬೇಕಾದ್ದು ತಾನಾಗಿ ಕಾಣುತ್ತದೆ. ಅವನ ಬಲೆಗೆ ಬಿದ್ದವರಿಗೆ ಏನು ಬೇಕಿತ್ತು? ಆ ಬೇಕನ್ನು ಸಿನಿಮಾ ತೋರಿಸಿತೇ? ಸಾಯುವ ಹೆಣ್ಣಿಗೆ ಹೆಸರು, ಕೆಲಸ, ಮನೆ, ಸಾಲ ಏನಾದರೂ ಇದೆಯೇ, ಅಥವಾ ಹಾಡಿನಲ್ಲಿ ಒಮ್ಮೆ ನಕ್ಕು ಮುಂದಿನ ದೃಶ್ಯದಲ್ಲಿ ಹೆಣವಾದಳೇ? ನಂಬಿದವರನ್ನು ಪೆದ್ದರನ್ನಾಗಿ ತೋರಿಸುವ ಚಿತ್ರಕಥೆ ಸೋಮಾರಿ ಚಿತ್ರಕಥೆ. ಅವನ ಚಂದದ ಮುಖವನ್ನು ನಿರ್ಮಾಪಕ ದುಡ್ಡು ಕೊಟ್ಟು ತರಬಹುದು, ಮೋಡಿಯನ್ನು ಮಾತ್ರ ಬರೆದೇ ಹುಟ್ಟಿಸಬೇಕು.

ಮಲೆನಾಡಿನಲ್ಲಿ ಕಥೆ ನಡೆಸುವವರಿಗೆ ಇಲ್ಲೊಂದು ಕಷ್ಟ ಇದೆ. ಹೆಚ್ಚಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಒಂಟಿ ಮನೆ, ಕಾಡು, ಮಂಜು, ನೆಟ್‌ವರ್ಕ್ ಸಿಗದ ಕಣಿವೆ ನೋಡಿದ ತಕ್ಷಣ ಕೊಲೆಗಾರನಿಗೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಆದರೆ ಇಲ್ಲಿ ಅಪರಿಚಿತನಾಗಿ ಉಳಿಯುವುದೇ ಕಷ್ಟ. ಗೇಟು ತೆಗೆದು ಒಳಗೆ ಬಂದವನಿಗೆ ಬೆಲ್ಲ ನೀರು ಸಿಗುತ್ತದೆ, ಜೊತೆಗೆ ಪ್ರಶ್ನೆಯೂ ಬರುತ್ತದೆ: ‘ನಿಮ್ದು ಯಾವೂರಾಯ್ತು? ಯಾರ ಪೈಕಿ?’ ಉತ್ತರ ಕೊಟ್ಟರೆ ಎರಡು ದಿನದೊಳಗೆ ಅದು ಸಹಕಾರ ಸಂಘದ ಕಟ್ಟೆಯಲ್ಲಿ, ಹಾಲಿನ ಡೇರಿಯಲ್ಲಿ, ಬಸ್ಸಿನ ಕಂಡಕ್ಟರನ ಬಾಯಲ್ಲಿ ತಾಳೆಯಾಗುತ್ತದೆ. ‘ನಾನು ಬೆಂಗಳೂರಿನಿಂದ ಬಂದ ಫೋಟೊಗ್ರಾಫರ್’ ಎಂದು ಮೂರು ತಿಂಗಳು ಹೋಮ್‌ಸ್ಟೇಯಲ್ಲಿ ಕೂತು ಊರನ್ನೇ ಮರುಳು ಮಾಡುವ ನಾಯಕನನ್ನು ಇಲ್ಲಿಯವರು ಅರ್ಧ ನಂಬಿಯಾರು, ಆದರೆ ಕಣ್ಣು ಅವನ ಮೇಲೇ ಇರುತ್ತದೆ.

ಇಲ್ಲಿ ನಂಬಿಸಬಲ್ಲವನು ಆ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧ ಮಾಡಿಕೊಂಡು ಬಂದವನು. ಸಾಗರದ ಕಡೆಯ ಹವ್ಯಕರ ಮನೆಯಲ್ಲಿ ಒಂದು ನುಡಿ, ತೀರ್ಥಹಳ್ಳಿಯ ಗೌಡರ ಜಗಲಿಯಲ್ಲಿ ಇನ್ನೊಂದು ನುಡಿ ಆಡಬಲ್ಲವನು. ಸತ್ತವರ ಹೆಸರು ಹಿಡಿದು ನೆಂಟಸ್ತಿಕೆ ಹೊಸೆಯಬಲ್ಲವನು. ಅಡಿಕೆ ಕೊನೆ ಕೊಯ್ಲಿಗೆ ಆಳು ಸಿಗದ ಕಾಲದಲ್ಲಿ ‘ನಾನೇ ಇಬ್ಬರನ್ನು ಕರ್ಕೊಂಡು ಬರ್ತೀನಿ ಬಿಡಿ’ ಎನ್ನುವವನು, ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿದ ಮೇಲೆ ಉಳಿದ ಮುದಿ ಗಂಡ ಹೆಂಡಿರಿಗೆ ಆಸ್ಪತ್ರೆಗೆ ಜೊತೆ ಬರುವವನು. ಈ ಊರುಗಳ ಇವತ್ತಿನ ಕೊರತೆ ಅದು, ಮೋಡಿಗೆ ಜಾಗ ಸಿಗುವುದೂ ಅಲ್ಲೇ. ಒಂದು ಅಡಿಕೆ ಸುಲಿತದ ರಾತ್ರಿಯನ್ನೇ ತೆಗೆದುಕೊಳ್ಳಿ: ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು, ಕೈ ತನ್ನಷ್ಟಕ್ಕೆ ಸುಲಿಯುತ್ತಿರುವಾಗ ಬಾಯಿ ತನ್ನಷ್ಟಕ್ಕೆ ಊರಿನ ಸುದ್ದಿ ಹೇಳುತ್ತಿರುತ್ತದೆ. ಅವನೂ ಅಲ್ಲಿ ಕೂತಿದ್ದಾನೆ, ಎಲ್ಲರನ್ನೂ ನಗಿಸುತ್ತಿದ್ದಾನೆ, ಯಾರ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎಂಬುದು ಅವನು ಕೇಳದೆಯೇ ಅವನ ಕಿವಿಗೆ ಬೀಳುತ್ತಿದೆ. ಹತ್ತು ಕತ್ತಿ ಕಣ್ಣೆದುರಿಗಿವೆ, ಒಂದನ್ನೂ ಅವನು ಮುಟ್ಟಬೇಕಾಗಿಲ್ಲ. ಇಂಥ ದೃಶ್ಯ ಬಿಟ್ಟು ಆಗುಂಬೆಯ ಸೂರ್ಯಾಸ್ತದ ಎದುರು ಅವನಿಂದ ಇಂಗ್ಲಿಷ್ ಕವಿತೆ ಹೇಳಿಸಿದರೆ ಏನನ್ನೋಣ.

ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ ಮುಖದ ತುಂಬ ಅಕ್ಕಿ ಹಿಟ್ಟಿನ ಚಿಟ್ಟಿ, ದೊಂದಿ, ರಾಳದ ಪುಡಿಯ ಬೆಂಕಿ ಇರುತ್ತದೆ. ರಕ್ಕಸ ಬರುತ್ತಿದ್ದಾನೆ ಎಂದು ನಿದ್ದೆ ಹೋದ ಮಗುವಿಗೂ ಗೊತ್ತಾಗುತ್ತದೆ. ನಮ್ಮ ಕಮರ್ಷಿಯಲ್ ಸಿನಿಮಾಗೆ ಆ ಅಬ್ಬರದ ಪ್ರವೇಶವೂ ಬೇಕು, ಗುಟ್ಟೂ ಬೇಕು. ಹಾಗಾಗಿ ಕೊಲೆಗಾರನಿಗೂ ಹೀರೊ ಎಂಟ್ರಿ ಕೊಡುತ್ತಾರೆ. ಕೆಳಗಿನಿಂದ ಹಿಡಿದ ಕ್ಯಾಮೆರಾ, ಸೆಕೆಂಡಿಗೆ 48 ಅಥವಾ 96 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದ ನಿಧಾನ ನಡಿಗೆ, ಸಿಗರೇಟಿನ ಬೆಂಕಿ, ಅವನಿಗೇ ಮೀಸಲಾದ ಸಂಗೀತದ ತುಣುಕು. ಶಿವಮೊಗ್ಗದ ಒಂಟಿ ಪರದೆಯ ಥಿಯೇಟರಿನಲ್ಲಿ ಶಿಳ್ಳೆ ಎಲ್ಲಿ ಬಿತ್ತು ಎಂದು ಗಮನಿಸಿದರೆ ಸಿನಿಮಾ ಯಾರ ಕಡೆಗಿದೆ ಎಂದು ತಿಳಿಯುತ್ತದೆ. ಅವನು ಮಾತಿನಲ್ಲಿ ಪೊಲೀಸರನ್ನು ಮೀರಿಸಿದಾಗ ಶಿಳ್ಳೆ ಬಿದ್ದರೆ ಅದು ಬರವಣಿಗೆಯ ಬಲ, ತಪ್ಪಲ್ಲ. ಹೆಣದ ಪಕ್ಕದಿಂದ ಎದ್ದು ನಡೆಯುವಾಗ ಬಿದ್ದರೆ ಅದಕ್ಕೆ ನಿರ್ದೇಶಕರೇ ಹೊಣೆ. ಆ ನಡಿಗೆಯನ್ನು ಹಾಗೆ ತೆಗೆಯಬೇಕೆಂದು ನಿರ್ಧರಿಸಿದ್ದು ಅವರು.

ಕ್ಯಾಮೆರಾ ಯಾರ ಕಣ್ಣು ಎಂಬುದು ಇದಕ್ಕಿಂತ ಸೂಕ್ಷ್ಮ. 1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಎರಡು ಗಂಟೆಯ ಸಿನಿಮಾ, ಕೊಲೆಗಾರನ ಪಾತ್ರದ ಆಂಥನಿ ಹಾಪ್ಕಿನ್ಸ್ ತೆರೆಯ ಮೇಲಿರುವುದು ಅರ್ಧ ಗಂಟೆಗಿಂತ ಕಡಿಮೆ. ಆದರೂ ಇಡೀ ಚಿತ್ರ ಅವರದೇ ಅನ್ನಿಸುತ್ತದೆ. ಅದಕ್ಕೆ ಅವರ ನಟನೆಯೊಂದೇ ಕಾರಣವಲ್ಲ. ತನಿಖೆಗೆ ಬಂದ ಹುಡುಗಿಯ ಜೊತೆ ಮಾತಾಡುವ ಗಂಡಸರು ನೇರ ಲೆನ್ಸ್ ನೋಡಿ ಮಾತಾಡುತ್ತಾರೆ, ಅವಳು ಮಾತ್ರ ಲೆನ್ಸಿನಿಂದ ತುಸು ಆಚೆ ನೋಡುತ್ತಾಳೆ. ಹಾಗಾಗಿ ಅವನ ನೋಟ ಬೀಳುವುದು ನಮ್ಮ ಮೇಲೆ, ನಾವಿರುವುದು ಅವಳ ಜಾಗದಲ್ಲಿ. ಹಾಗೆಯೇ ನೀವು ವಿಮರ್ಶೆ ಬರೆಯುವ ಸಿನಿಮಾದಲ್ಲಿ ಕೊಲೆಯ ಹೊತ್ತಿಗೆ ನಿಮ್ಮನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂದು ಗುರುತು ಹಾಕಿಕೊಳ್ಳಿ: ಅವನ ಹೆಗಲ ಹಿಂದೆಯೋ, ಅವಳ ಪಕ್ಕದಲ್ಲೋ, ಬಾಗಿಲಾಚೆಯೋ. ಮೊದಲ ಸಲ ನೋಡುವಾಗ ಇದು ತಪ್ಪಿಹೋಗುತ್ತದೆ, ಕಥೆ ಎಳೆದುಕೊಂಡು ಹೋಗುತ್ತದೆ. ಓಟಿಟಿಯಲ್ಲಿ ದನಿ ಪೂರ್ತಿ ಆರಿಸಿ ಆ ದೃಶ್ಯ ಇನ್ನೊಮ್ಮೆ ಹಾಕಿದರೆ ಎದ್ದು ಕಾಣುತ್ತದೆ.

ಇನ್ನು ರಕ್ತ. ಹಿಚ್‌ಕಾಕ್ 1960ರ ‘ಸೈಕೋ’ದಲ್ಲಿ ಬಚ್ಚಲಿನ ಕೊಲೆಗೆ ಏಳು ದಿನ ಶೂಟಿಂಗ್ ಮಾಡಿದರು. 78 ಕೋನಗಳಿಂದ ತೆಗೆದು, 52 ಕಟ್ ಹಾಕಿ, ಸುಮಾರು ಮುಕ್ಕಾಲು ನಿಮಿಷಕ್ಕೆ ಇಳಿಸಿದರು. ಕಪ್ಪುಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಪಾಕವೇ ರಕ್ತ. ಇರಿತದ ಸದ್ದಿಗೆ ಕರ್ಬೂಜದ ಹಣ್ಣಿಗೆ ಚೂರಿ ಹಾಕಿದರು. ಬರ್ನಾರ್ಡ್ ಹರ್ಮನ್ ಬರೇ ತಂತಿವಾದ್ಯಗಳಲ್ಲಿ ಸಂಗೀತ ಕಟ್ಟಿದರು. ಚೂರಿ ಮೈಗೆ ಇಳಿದ ಹಾಗೆ ಅನ್ನಿಸುವುದೇ ಹೆಚ್ಚು, ಕಾಣುವುದು ಕಡಿಮೆ. ಈಗ ಬಣ್ಣವಿದೆ, ಬಕೆಟ್‌ಗಟ್ಟಲೆ ರಕ್ತವಿದೆ, ಕಂಪ್ಯೂಟರಿನಲ್ಲಿ ಚಿಮ್ಮಿಸುವ ರಕ್ತವೂ ಇದೆ, ಹೆದರಿಕೆ ಮಾತ್ರ ಕಡಿಮೆ. ದೊಡ್ಡವರೊಬ್ಬರ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರು. ನಮ್ಮ ಕ್ಲೈಮ್ಯಾಕ್ಸುಗಳಲ್ಲಿ ಒಂದು ಕೋಣೆಯಲ್ಲಿ ಅದರ ಮೂರರಷ್ಟು ಹರಿದಿರುತ್ತದೆ.

ಸೆಟ್ಟಿನಲ್ಲಿ ಇದನ್ನು ಮಾಡುವುದು ಸಕ್ಕರೆ ಪಾಕದಲ್ಲಿ. ಎಳೆ ಬರುವ ಮೊದಲೇ ಇಳಿಸಿದ ಒಂದು ಲೋಟ ಪಾಕಕ್ಕೆ ತಿನ್ನುವ ಕೆಂಪು ಬಣ್ಣ ಒಂದು ಚಮಚ, ಕೋಕೋ ಪುಡಿ ಕಾಲು ಚಮಚ, ನೀಲಿ ಬಣ್ಣ ಒಂದು ಹನಿ. ಕೋಕೋ ಬಿಟ್ಟರೆ ಬೆಳಕು ಹಾಯ್ದು ಶರಬತ್ತಿನ ಹಾಗೆ ಕಾಣುತ್ತದೆ. ಆ ತಪ್ಪು ಪರದೆಯ ಮೇಲೆ ಆಗಾಗ ಸಿಗುತ್ತದೆ. ಹೊರಾಂಗಣದಲ್ಲಿ ಅರ್ಧ ಗಂಟೆಗೆ ಇರುವೆ ಹತ್ತುತ್ತದೆ, ಮಳೆಯಲ್ಲಿ ಕ್ಷಣದಲ್ಲಿ ತೊಳೆದುಹೋಗುತ್ತದೆ. ಧಾರಾಕಾರ ಮಳೆಯಲ್ಲಿ ನಾಯಕನ ಅಂಗಿಯ ಮೇಲಿನ ಕಲೆ ಐದು ನಿಮಿಷ ಕದಲದೆ ನಿಂತಿದ್ದರೆ ಅದು ಬಟ್ಟೆಗೆ ಹಾಕಿದ ಬಣ್ಣ. ನಿಜವಾದ ರಕ್ತ ನೆಲದ ಮೇಲೆ ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ, ಒಣಗುತ್ತ ಕಂದಾಗಿ ಕಪ್ಪಾಗುತ್ತದೆ. ಬೆಳಿಗ್ಗೆ ಪೊಲೀಸರು ಬಂದಾಗಲೂ ಅದು ಕುಂಕುಮದ ನೀರಿನಂತೆ ಹರಿಯುತ್ತಿದ್ದರೆ ಕಲಾ ನಿರ್ದೇಶಕರಿಗೆ ಆ ದಿನ ಬಿಡುವಿರಲಿಲ್ಲ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದ ಮರುಕ್ಷಣ ಕುಸಿಯುವುದೂ ಸಿನಿಮಾದಲ್ಲಿ ಮಾತ್ರ. ನಿಜದಲ್ಲಿ ಅದಕ್ಕೆ ನಿಮಿಷಗಳೇ ಬೇಕು.

ಮಳೆಯ ವಿಷಯಕ್ಕೆ ಬಂದರೆ, ಆಗುಂಬೆ ಕಡೆಯ ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಬೀಳುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅದು ಕಾಣುತ್ತದೆ, ಇಲ್ಲದಿದ್ದರೆ ಬರೀ ಮಸುಕು. ಹೆಂಚಿನ, ತಗಡಿನ ಮಾಡಿನ ಕೆಳಗೆ ಮಾತು ದಾಖಲಿಸುವುದಂತೂ ಆಗದ ಕೆಲಸ. ಹಾಗಾಗಿ ಮಳೆಗಾಲ ಕಳೆದ ಮೇಲೆ ಬಂದು ಟ್ಯಾಂಕರ್ ನೀರು ಸುರಿಸುತ್ತಾರೆ, ಮಾತನ್ನು ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಗುಟ್ಟು ರಟ್ಟಾಗುವುದು ಹಿನ್ನೆಲೆಯಲ್ಲಿ. ಮುಂದೆ ಆಷಾಢದ ಜಡಿಮಳೆ, ಹಿಂದಿನ ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಹಾಕಿದೆ. ಆಷಾಢದಲ್ಲಿ ತೋಟದ ಗೊನೆಗಳಿಗೆ ಕೊಳೆರೋಗದ ಭಯಕ್ಕೆ ಮಳೆ ತಾಗದಂತೆ ಕೊಟ್ಟೆ ಕಟ್ಟಿರುತ್ತಾರೆ ಅಥವಾ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಸುಲಿತ ಒಣಗಿಸುವುದೆಲ್ಲ ದೀಪಾವಳಿಯ ಆಸುಪಾಸಿನಿಂದ ಮುಂದಕ್ಕೆ. ಮತ್ತೆ, ಜುಲೈ ತಿಂಗಳ ಕಾಡಿನಲ್ಲಿ ಇಡೀ ರಾತ್ರಿ ಹೆಣ ಎಳೆದಾಡಿದವನ ಕಾಲಿಗೆ ಒಂದೂ ಉಂಬಳ (ಕಾಡಿನ ಜಿಗಣೆ) ಹತ್ತುವುದಿಲ್ಲ!

ಉಂಬಳವನ್ನು ಬಿಟ್ಟದ್ದು ಚಿತ್ರಕಥೆಗೇ ನಷ್ಟ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ. ಕೊಲೆಗಾರನ ಸಾಕ್ಸ್ ತುಂಬ ಅವನದೇ ರಕ್ತ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ 2001ರ ಒಂದು ದರೋಡೆಯ ಸ್ಥಳದಲ್ಲಿ ಪೊಲೀಸರಿಗೆ ರಕ್ತ ಕುಡಿದ ಜಿಗಣೆ ಸಿಕ್ಕಿತ್ತು. ಅದರೊಳಗಿನ ರಕ್ತದ ಡಿಎನ್‌ಎ ವರ್ಷಗಳ ನಂತರ ಬೇರೆ ಪ್ರಕರಣದಲ್ಲಿ ಸಿಕ್ಕಿದವನಿಗೆ ತಾಳೆಯಾಗಿ, 2009ರಲ್ಲಿ ಅವನು ತಪ್ಪೊಪ್ಪಿಕೊಂಡ. ಮಲೆನಾಡಿನ ಥ್ರಿಲ್ಲರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರು ಕೊಟ್ಟಾರು?

ಕೋವಿಯದೂ ಇದೇ ಕಥೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿ ಇಲ್ಲಿ ಎಷ್ಟೋ ಮನೆಯಲ್ಲಿದೆ, ಚುನಾವಣೆ ಬಂದರೆ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಕೇಪಿನ ಕೋವಿಯಾದರೆ ನಳಿಗೆಯ ಬಾಯಿಂದ ಮದ್ದು ಸುರಿದು, ಅಡಕು ತುರುಕಿ, ಚರೆ ಹಾಕಿ, ಗಜದಲ್ಲಿ ಜಡಿದು, ಆಮೇಲೆ ಕೇಪು ಕೂರಿಸಬೇಕು. ಮದ್ದು ನೆನೆದರೆ ಅದೂ ಇಲ್ಲ. ಅಂಥ ಕೋವಿಯನ್ನು ಸುರಿಮಳೆಯಲ್ಲಿ ಎತ್ತಿ ಸಾಲಾಗಿ ನಾಲ್ಕು ಈಡು ಹೊಡೆದದ್ದನ್ನು ತೋರಿಸಿ ‘ನೈಜ ಘಟನೆ ಆಧಾರಿತ’ ಎಂದು ಬರೆದರೆ ಶಿಕಾರಿ ಕಂಡ ಅಜ್ಜಂದಿರು ನಗದೆ ಏನು ಮಾಡುತ್ತಾರೆ.

ಪೊಲೀಸ್ ಭಾಗದಲ್ಲಿ ನೋಡಬೇಕಾದ್ದು ಕೆಲವೇ. ಹೆಣದ ಕಣ್ಣು ತೆರೆದು ನೋಡಿ ‘ಸತ್ತು ಎಂಟು ಗಂಟೆ ಆಗಿದೆ’ ಎನ್ನುವ ವೈದ್ಯರು ಎಲ್ಲೂ ಇಲ್ಲ. ಮೈ ಸೆಟೆಯುವುದು ಚಳಿಯಲ್ಲಿ ನಿಧಾನ, ಸೆಕೆಯಲ್ಲಿ ಬೇಗ. ಮಳೆಯಲ್ಲಿ ನೆನೆದ ಹೆಣದ ವಿಷಯದಲ್ಲಿ ಗಂಟೆಗಳ ಅಂತರವನ್ನಷ್ಟೇ ಹೇಳಬಹುದು. ರಾತ್ರಿ ಮರಣೋತ್ತರ ಪರೀಕ್ಷೆಗೆ ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸೌಲಭ್ಯವಿರುವ ಆಸ್ಪತ್ರೆಗಳಿಗೆ ಒಪ್ಪಿಗೆ ಕೊಟ್ಟಿತು, ಆದರೆ ಕೊಲೆಯ ಅನುಮಾನವಿದ್ದರೆ, ಶಾಂತಿ ಸುವ್ಯವಸ್ಥೆಯ ತುರ್ತಿಲ್ಲದ ಹೊರತು, ಬೆಳಕು ಹರಿಯುವವರೆಗೆ ಕಾಯಬೇಕು. ನಡುರಾತ್ರಿ ಶವಾಗಾರದ ಟ್ಯೂಬ್‌ಲೈಟ್ ಮಿಣಕುವ ದೃಶ್ಯಗಳಿಗೆ ಇದೊಂದು ಅಡ್ಡಿ. ಮೊಬೈಲ್ ಟವರು ತೋರಿಸುವುದು ಫೋನು ಯಾವ ಟವರಿನ ಆಸರೆಯಲ್ಲಿತ್ತು ಎಂಬುದನ್ನು. ಗುಡ್ಡದ ಒಂದು ಟವರಿಗೆ ಹತ್ತಾರು ಹಳ್ಳಿ ಸೇರಿರುವಲ್ಲಿ ‘ಸರ್, ಲೊಕೇಶನ್ ಇದೇ ಮನೆ’ ಎಂದು ಅಷ್ಟರಿಂದಲೇ ಹೇಳಲಾಗುವುದಿಲ್ಲ.

ದೊಡ್ಡ ತೊಡಕು ಕ್ಲೈಮ್ಯಾಕ್ಸಿನದು. ವಿಚಾರಣಾ ಕೋಣೆಯಲ್ಲಿ ಕೊಲೆಗಾರ ಕಾಲ ಮೇಲೆ ಕಾಲು ಹಾಕಿ, ಹತ್ತು ನಿಮಿಷ ಒಂದೇ ಉಸಿರಿಗೆ, ಎಲ್ಲವನ್ನೂ ಇನ್ಸ್‌ಪೆಕ್ಟರಿಗೆ ಒಪ್ಪಿಸುತ್ತಾನೆ. ನಟನಿಗೆ ಪ್ರಶಸ್ತಿ ತಂದುಕೊಡುವ ದೃಶ್ಯ. ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಮಿಗೆ ಬಂದಿದೆ. ಅವನ ಮಾತಿನಿಂದ ಹೂತಿಟ್ಟ ಒಡವೆಯೋ ಕತ್ತಿಯೋ ಸಿಕ್ಕಿದರೆ, ಆ ಸಿಕ್ಕ ವಸ್ತುವಿಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಪೂರ್ತಿ ಹೇಳಿಕೆ ನಿಲ್ಲಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು, ಅದೂ ಒತ್ತಾಯವಿಲ್ಲದೆ. ಇದನ್ನು ಬಲ್ಲ ಕೊಲೆಗಾರ ಇನ್ಸ್‌ಪೆಕ್ಟರಿಗೆ ಎಲ್ಲ ಹೇಳಿ, ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಸುಮ್ಮನೆ ನಿಂತುಬಿಟ್ಟರೆ? ಅವನ ಮೋಡಿಗೂ ತಣ್ಣಗಿನ ಬುದ್ಧಿಗೂ ಅದಕ್ಕಿಂತ ಹೊಂದುವ ದೃಶ್ಯ ಇನ್ನೊಂದಿಲ್ಲ. ಬರೆಯುವವರು ಮಾತ್ರ ಎನ್‌ಕೌಂಟರಿಗೆ ಹೋಗುತ್ತಾರೆ, ಇಲ್ಲವೇ ಎರಡನೇ ಭಾಗದ ಆಸೆಗೆ ಜೈಲಿನೊಳಗಿಂದ ಕ್ಯಾಮೆರಾ ನೋಡಿ ನಗಿಸುತ್ತಾರೆ.

ಇಂಟರ್ವಲ್ ಬಗ್ಗೆ ಒಂದು ಮಾತು. ಕೊಲೆಗಾರ ಯಾರೆಂದು ಇಂಟರ್ವಲ್ಲಿಗೆ ಬಯಲು ಮಾಡುವುದು ನಮ್ಮಲ್ಲಿ ರೂಢಿ. ಮೋಡಿಯ ಕಥೆಗೆ ಅದು ಹೊಂದುವುದು ಕಷ್ಟ. ಅಡಗಿಸಿಟ್ಟಷ್ಟು ಹೊತ್ತು ನಮಗೆ ಕಾಣುವುದು ಒಬ್ಬ ಒಳ್ಳೆಯ ಹುಡುಗ ಅಷ್ಟೇ, ಮೋಡಿ ಕೆಲಸ ಮಾಡುವುದನ್ನು ನೋಡುವ ಅವಕಾಶವೇ ಇಲ್ಲ. ಮೊದಲ ಕಾಲು ಗಂಟೆಯಲ್ಲೇ ಹೇಳಿಬಿಟ್ಟರೆ ಅವನು ಜಗಲಿಯಲ್ಲಿ ಕೂತು ಅಮ್ಮನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವುದೂ ಉಸಿರು ಬಿಗಿಸುತ್ತದೆ. ಅಡಗಿಸಿದ್ದೇ ಆದರೆ, ಎರಡನೇ ಸಲ ನೋಡುವಾಗ ಮೊದಲರ್ಧದಲ್ಲಿ ಸುಳುಹುಗಳು ನಿಜಕ್ಕೂ ಇವೆಯೇ, ಇಲ್ಲ ನಿರ್ದೇಶಕರು ನಮಗೆ ಸುಮ್ಮನೆ ಸುಳ್ಳು ಹೇಳಿದರೇ ಎಂದು ಪರೀಕ್ಷಿಸಬೇಕು.

ವಿಮರ್ಶೆಯ ತುದಿಯಲ್ಲಿ ಪ್ರಮಾಣಪತ್ರ ಏನೆಂದು ಬರೆಯಿರಿ. ಯುಎ ಎಂಬುದು 2024ರ ಹೊಸ ನಿಯಮಗಳ ನಂತರ 7+, 13+, 16+ ಎಂದು ಮೂರಾಗಿದೆ. ಎ ಆದರೆ ಹದಿನೆಂಟರ ಕೆಳಗಿನವರಿಗೆ ಪ್ರವೇಶವಿಲ್ಲ. ಆದರೆ ಅಕ್ಷರ ಒಂದೇ ಸಾಲದು. ಹಿಂಸೆ ಯಾವ ಬಗೆಯದು, ಮಕ್ಕಳ ಮೇಲಿನದೇ, ಹೆಂಗಸರ ಮೇಲಿನದೇ, ಪ್ರಾಣಿಗಳದೇ, ತೆರೆಯ ಮೇಲೆಯೇ ನಡೆಯುತ್ತದೆಯೇ ಅಥವಾ ಸದ್ದು ಮಾತ್ರವೇ ಎಂದು ಎರಡು ಸಾಲು ಸೇರಿಸಿದರೆ ಕಥೆಯೂ ಬಯಲಾಗುವುದಿಲ್ಲ, ಅಂಥದ್ದು ಬೇಡ ಅನ್ನುವವರು ಟಿಕೆಟ್ ತೆಗೆಯುವ ಮೊದಲೇ ತಿಳಿದುಕೊಳ್ಳುತ್ತಾರೆ. ಥಿಯೇಟರಿನದೋ ಓಟಿಟಿಯದೋ ನೋಡಿದ ಪ್ರತಿ ಯಾವುದೆಂದೂ ತಿಳಿಸಿ. ಎರಡರ ಉದ್ದ ಬೇರೆ ಇರಬಹುದು, ಕೆಲವೊಮ್ಮೆ ಥಿಯೇಟರಿನಲ್ಲಿ ಕತ್ತರಿಸಿದ ಕೊಲೆ ಓಟಿಟಿಯಲ್ಲಿ ಪೂರ್ತಿ ಇರುತ್ತದೆ.